ನಿಮಿಷಕ್ಕೆ ಎಷ್ಟು ಅನ್ನುವ ಲೆಕ್ಕ

ಒಂದು ನಿಮಿಷದಲ್ಲಿ ಸಾಧ್ಯವಾದಷ್ಟು ಪುಶ್‌ಅಪ್ ಹೊಡೆಯಿರಿ, ದಿನಾ ಲೆಕ್ಕ ಏರಿಸುತ್ತಾ ಹೋಗಿ ಎಂದು ಲೇಖನದಲ್ಲಿ ಬರೆದಿದ್ದೀರಿ. ಹೊಸಬರಿಗೆ ಈ ಸಲಹೆ ಸರಿಹೋಗುವುದಿಲ್ಲ. ಟೈಮರ್ ಇಟ್ಟ ಕೂಡಲೇ ಕಳ್ಳಾಟ ಶುರುವಾಗುವುದು ಕೆಳಗಿಳಿಯುವಾಗ. ಎದೆ ನೆಲದ ಹತ್ತಿರ ಬರುವುದೇ ಇಲ್ಲ, ಮೊಣಕೈ ಅರ್ಧ ಮಡಚಿ ಮೇಲೆದ್ದುಬಿಡುತ್ತಾರೆ. ಆಮೇಲೆ ಸೊಂಟ ಜೋತು ಬೀಳುತ್ತದೆ, ಕತ್ತು ಮುಂದಕ್ಕೆ ಚಾಚುತ್ತದೆ. ಲೆಕ್ಕ ಮಾತ್ರ 40! ಧಡಕ್ ಅಂತ ಇಳಿದರೆ ಕೆಳಗೆ ಪುಟಿಯುವ ರಭಸವೇ ಒಂದಷ್ಟು ಕೆಲಸ ಮಾಡಿಬಿಡುತ್ತದೆ. ಸ್ನಾಯುವಿಗೆ ಕೆಲಸ ಕಮ್ಮಿ, ಭುಜ, ಮಣಿಕಟ್ಟಿಗೆ ಪೆಟ್ಟು ಜಾಸ್ತಿ. 2-3 ಸೆಕೆಂಡ್ ತೆಗೆದುಕೊಂಡು ಇಳಿದು, ಕೆಳಗೆ ಒಂದು ಕ್ಷಣ ನಿಂತು, ಆಮೇಲೆ ಜೋರಾಗಿ ತಳ್ಳಿ ನೋಡಿ. 10ಕ್ಕೇ ತೋಳು ನಡುಗಬಹುದು.

ಹಾಗಂತ ವೇಗವೇ ತಪ್ಪು ಅನ್ನುವವರ ಮಾತೂ ನನಗೆ ಒಪ್ಪಿಗೆಯಿಲ್ಲ. ನಮ್ಮ ಗರಡಿಮನೆಗಳಲ್ಲಿ ಬಸ್ಕಿ ಹೊಡೆಯುವುದನ್ನು ನೋಡಿದ್ದೀರಲ್ವಾ? ಹಿಮ್ಮಡಿ ಮೇಲೆತ್ತಿ, ಕೈ ಬೀಸಿಕೊಂಡು, ಒಂದೇ ಲಯದಲ್ಲಿ ಕೂತು ಏಳುತ್ತಾರೆ. ನೋಡುವವರಿಗೆ ಭಾರಿ ಸ್ಪೀಡು. ಆದರೆ ಪಳಗಿದವರ ಉಸಿರು ತಪ್ಪುವುದಿಲ್ಲ, ಪೂರ್ತಿ ಕೂತೇ ಏಳುತ್ತಾರೆ. ಆ ವೇಗ ವರ್ಷಗಟ್ಟಲೆ ಮಾಡಿ ಬಂದದ್ದು. ಮಂಡಿ ನೋವಿರುವವರು ಯೂಟ್ಯೂಬ್ ನೋಡಿ ಸುಮ್ನೆ ಶುರು ಮಾಡಬೇಡಿ.

ನಿಮಿಷದ ಲೆಕ್ಕ ಬೇಕೇ ಬೇಕು ಅನ್ನುವವರು ಎದೆಯ ಕೆಳಗೆ ನೆಲದ ಮೇಲೊಂದು ದಪ್ಪ ಪುಸ್ತಕ ಇಡಿ. ಎದೆ ಅದಕ್ಕೆ ತಾಗಿದ್ದನ್ನಷ್ಟೇ ಎಣಿಸಿ. ಯಾರಿಗಾದರೂ ಹೇಳಿ ಪಕ್ಕದಿಂದ ಮೊಬೈಲಲ್ಲಿ ವಿಡಿಯೊ ಮಾಡಿಸಿಕೊಂಡರೆ ಸೊಂಟದ ಬಣ್ಣವೂ ಬಯಲಾಗುತ್ತದೆ.