ಬದುಕಿರುವಾಗಲೇ ರಕ್ತ ಪರೀಕ್ಷಿಸಿ

ಹೊಟ್ಟೆ ಉರಿದು ಬರೆಯುತ್ತಿದ್ದೇನೆ. ದಾವಣಗೆರೆಯ ಒಂದು ಆಸ್ಪತ್ರೆಗೆ ಜಗಳೂರು ಕಡೆಯ ಕೂಲಿಯೊಬ್ಬರನ್ನು ಕರೆತಂದಿದ್ದರು. ಬೆಳಗಿನಿಂದ ಹತ್ತಿಗೆ ಔಷಧಿ ಹೊಡೆದವರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು, ಬಾಯಲ್ಲಿ ಜೊಲ್ಲು, ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗಂಟಿತ್ತು. ಹೆಂಡತಿ ಸೆರಗಿನಲ್ಲಿ ಸುತ್ತಿ ಬಾಟಲಿಯನ್ನೇ ತಂದಿದ್ದರು. ಲೇಬಲ್ಲಿನ ಮೇಲೆ ಹೆಚ್ಚು ವಿಷ ಎಂದು ಸಾರುವ ಹಳದಿ ತ್ರಿಕೋನ, ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕದ ಹೆಸರು. ಆ ತಾಯಿಯ ಕೈಯಿಂದ ಬಾಟಲಿಯನ್ನು ಒಬ್ಬರೂ ತೆಗೆದುಕೊಳ್ಳಲಿಲ್ಲ.

ಅಟ್ರೊಪಿನ್ ಎಂಬ ಪ್ರತಿವಿಷ ಕೊಟ್ಟರು, ಆತ ಉಳಿದರು, ದೇವರು ದೊಡ್ಡವನು. ಆದರೆ ಬಿಡುಗಡೆ ಚೀಟಿಯಲ್ಲಿ ಬರೆದಿದ್ದು 'ವಾಂತಿ, ಭೇದಿ, ನಿಶ್ಶಕ್ತಿ'. ಇಂಥ ವಿಷ ಮೈ ಸೇರಿದೆಯೇ ಎಂದು ರಕ್ತದ ಕಿಣ್ವ ಅಳೆದು ಹೇಳುವ ಕೋಲಿನೆಸ್ಟರೇಸ್ ಪರೀಕ್ಷೆಗೆ ಒಂದು ಟ್ಯೂಬ್ ರಕ್ತವನ್ನೂ ತೆಗೆದಿಲ್ಲ. ಲ್ಯಾಬಿನಲ್ಲೇ ಕೂದಲು ನರೆತ ನನಗೆ ಇದನ್ನು ನೋಡಿ ಸುಮ್ಮನಿರಲು ಆಗುವುದಿಲ್ಲ.

ಆತ ಸತ್ತಿದ್ದರೆ ಏನಾಗುತ್ತಿತ್ತು? ಜಠರ, ಪಿತ್ತಜನಕಾಂಗ, ಮೂತ್ರಪಿಂಡದ ತುಂಡುಗಳು ಗಟ್ಟಿ ಉಪ್ಪುನೀರಿನ ಜಾಡಿ ಸೇರುತ್ತಿದ್ದವು. ಸೋಡಿಯಂ ಫ್ಲೋರೈಡ್ ಹಾಕಿದ ಬಾಟಲಿಗೆ ರಕ್ತ ತುಂಬುತ್ತಿದ್ದರು. ಮುಚ್ಚಳಕ್ಕೆ ಅರಗಿನ ಮುದ್ರೆ ಒತ್ತಿ, ಪೊಲೀಸರ ಕೈಯಲ್ಲಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ಅಲ್ಲಿ ಕ್ರೊಮ್ಯಾಟೊಗ್ರಫಿ ಮಾಡಿ ವಿಷದ ಹೆಸರು ಹಿಡಿಯುತ್ತಿದ್ದರು. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಪ್ರಸಾದದಲ್ಲಿ ಮೊನೊಕ್ರೊಟೊಫಾಸ್ ಇದ್ದುದನ್ನು ಪತ್ತೆ ಮಾಡಿದ್ದೂ ಪ್ರಯೋಗಾಲಯವೇ. ವಿದ್ಯೆ ನಮ್ಮಲ್ಲಿದೆ. ಬದುಕಿರುವ ಕೂಲಿಯ ಪಾಲಿಗೆ ಮಾತ್ರ ಇಲ್ಲ.

"ಲಕ್ಷಣ ನೋಡಿದರೆ ಸಾಕು, ವರದಿಗೆ ಕಾಯುತ್ತಾ ಕುಳಿತರೆ ರೋಗಿ ಉಳಿಯುವುದಿಲ್ಲ" ಎಂದು ಅಲ್ಲಿನ ವೈದ್ಯರು ಹೇಳಿದರು. ಒಪ್ಪುತ್ತೇನೆ, ಚಿಕಿತ್ಸೆ ಒಂದು ನಿಮಿಷವೂ ತಡವಾಗಬಾರದು. ಆದರೆ ಕಾಯಿರಿ ಎಂದವರು ಯಾರು? ಡ್ರಿಪ್ ಹಾಕಲು ಚುಚ್ಚಿದ ಸೂಜಿಯಲ್ಲೇ ರಕ್ತ ತೆಗೆದು, ತಂಪಿನಲ್ಲಿಟ್ಟು ಲ್ಯಾಬಿಗೆ ಕಳಿಸಬಹುದು. ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಪ್ರತಿವಿಷ ಕೊಟ್ಟ ಮೇಲೆ ತೆಗೆದರೆ ಫಲಿತಾಂಶವೇ ಬದಲಾಗಬಹುದು, ಆದ್ದರಿಂದ ಮೊದಲೇ ತೆಗೆಯಬೇಕು. ನಿಜವಾದ ಕಾರಣ ಬೇರೆ ಎಂದೇ ನನಗನ್ನಿಸುತ್ತದೆ: ವಿಷ ಎಂದು ಬರೆದರೆ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಆಗುತ್ತದೆ, ಪೊಲೀಸರು, ಕೋರ್ಟು, ಸಾಕ್ಷಿ. ವಾಂತಿ, ಭೇದಿ ಎಂದು ಬರೆದರೆ ಯಾರೂ ಕೇಳುವುದಿಲ್ಲ. ಹೀಗೆ ಬರೆದರೆ ನಾಳೆ ಪರಿಹಾರ ಕೇಳಲು ಆ ಮನುಷ್ಯನ ಕೈಯಲ್ಲಿ ಏನಿರುತ್ತದೆ?

ಕ್ಲೋರ್‌ಪೈರಿಫಾಸ್ ಸೇರಿರುವ ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕ ಮೈ ಸೇರಿದರೆ ಕೋಲಿನೆಸ್ಟರೇಸ್ ಕಿಣ್ವವನ್ನು ಕಟ್ಟಿಹಾಕುತ್ತದೆ. ಕೆಂಪು ರಕ್ತಕಣದಲ್ಲಿರುವ ಕಿಣ್ವ ಮೊದಲಿನ ಮಟ್ಟಕ್ಕೆ ಬರಲು ತಿಂಗಳುಗಳೇ ಬೇಕು. ಅಷ್ಟರೊಳಗೆ ಆತ ಮತ್ತೆ ಬೆನ್ನಿಗೆ ಪಂಪು ಏರಿಸಿಕೊಂಡಿರುತ್ತಾರೆ, ಏಕೆಂದರೆ ಮನೆಯಲ್ಲಿ ಒಲೆ ಉರಿಯಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥ ಔಷಧಿಗಳನ್ನು ಕಲಸುವ, ಸಿಂಪಡಿಸುವ ಕೆಲಸಗಾರರ ರಕ್ತವನ್ನು ಮೊದಲೇ ಪರೀಕ್ಷಿಸಿ, ಅವರವರ ಸಹಜ ಮಟ್ಟವನ್ನು ಬರೆದಿಡುತ್ತಾರೆ. ರಕ್ತಕಣದ ಕಿಣ್ವ ಅದರ ಶೇಕಡಾ 70ಕ್ಕೆ, ರಕ್ತದ ದ್ರವಭಾಗವಾದ ಪ್ಲಾಸ್ಮಾದ್ದು ಶೇಕಡಾ 60ಕ್ಕೆ ಇಳಿದರೆ ಆ ಕೆಲಸದಿಂದ ದೂರ ಇಡುತ್ತಾರೆ. ಸಹಜ ಮಟ್ಟ ಒಬ್ಬೊಬ್ಬರಿಗೆ ಒಂದೊಂದು. ಯಕೃತ್ತು ಕೆಟ್ಟಿದ್ದರೂ ಪ್ಲಾಸ್ಮಾದ ಕಿಣ್ವ ಇಳಿಯುತ್ತದೆ. ಮೊದಲ ಅಳತೆಯೇ ಇಲ್ಲದಿದ್ದರೆ ಎಷ್ಟು ಇಳಿದಿದೆ ಎಂದು ಹೇಳುವುದಾದರೂ ಹೇಗೆ?

ಈ ಪರೀಕ್ಷೆ ಎಲ್ಲ ವಿಷವನ್ನೂ ಹಿಡಿಯುವುದಿಲ್ಲ, ಅದೂ ಗೊತ್ತಿರಲಿ. ಮೆಕ್ಕೆಜೋಳದ ಸೈನಿಕ ಹುಳುವಿಗೆ ನಮ್ಮವರು ಹೊಡೆಯುವ ಎಮಾಮೆಕ್ಟಿನ್ ಎಂಬ ಔಷಧಿ ಇದರಲ್ಲಿ ಕಾಣುವುದಿಲ್ಲ. ಪ್ಯಾರಾಕ್ವಾಟ್ ಕಳೆನಾಶಕಕ್ಕೆ ಮೂತ್ರದ ಪರೀಕ್ಷೆ ಬೇರೆಯೇ ಇದೆ: ಡೈಥಯೊನೈಟ್ ಎಂಬ ರಾಸಾಯನಿಕ ಹಾಕಿದರೆ ನೀಲಿ ಬಣ್ಣ ಬರುತ್ತದೆ. ಇದಕ್ಕೆ ದೊಡ್ಡ ಯಂತ್ರವೂ ಬೇಡ. ಉಳಿದವಕ್ಕೆ ಜಿಲ್ಲೆಯಲ್ಲೇ ವಿಷವನ್ನು ಹೆಸರು ಹಿಡಿದು ಗುರುತಿಸುವ ಮಾಸ್ ಸ್ಪೆಕ್ಟ್ರೊಮೀಟರ್ ಯಂತ್ರದ ಸೌಲಭ್ಯ ಬೇಕು. ಆರ್ಗನೊಫಾಸ್ಫೇಟಿನ ಕುರುಹು ಮೂತ್ರದಿಂದ ಕೆಲವೇ ದಿನಗಳಲ್ಲಿ ಮಾಯವಾಗುತ್ತದೆ, ಮಾದರಿ ದೂರದ ಊರಿಗೆ ಹೋಗುವ ದಾರಿಯನ್ನು ಅದು ಕಾಯುವುದಿಲ್ಲ.

ಚಿತ್ರದುರ್ಗದ ಈರುಳ್ಳಿ, ದಾಳಿಂಬೆ ಹೊಲಗಳಿಗೆ ಕೂಲಿಗೆ ಹೋಗುವ ನಮ್ಮ ಜನರಿಗೆ ಈಗಲೇ ಒಂದು ಮಾತು. ಯಾರಾದರೂ ಕುಸಿದರೆ ಬಾಟಲಿಯನ್ನು ಲೇಬಲ್ ಸಮೇತ ಆಸ್ಪತ್ರೆಗೆ ಒಯ್ಯಿರಿ. ಕೋಲಿನೆಸ್ಟರೇಸ್‌ಗೆ ರಕ್ತ ತೆಗೆದಿದ್ದಾರೆಯೇ ಎಂದು ಬಾಯಿಬಿಟ್ಟು ಕೇಳಿ. ಬಿಡುಗಡೆ ಚೀಟಿಯಲ್ಲಿ ಔಷಧಿಯ ಹೆಸರು ಬರೆಸದೆ ಅಲ್ಲಿಂದ ಕದಲಬೇಡಿ. ಹಟ ಮಾಡಿ. ಒಬ್ಬರಿಗೇ ಧೈರ್ಯ ಸಾಲದಿದ್ದರೆ ನನಗೆ ಫೋನ್ ಮಾಡಿ, ಬರುತ್ತೇನೆ.