ಕಾಡಿಗೊಂದು ಸೇವೆ, ತಲೆಗೆ ಆರೂವರೆ ಸಾವಿರ

ಜುಲೈ ತಿಂಗಳಲ್ಲಿ ನಮ್ಮೂರಿಗೆ ನೆಂಟರೂ ಬರುವುದಿಲ್ಲ. ಹೆಣ್ಣು ಕೊಟ್ಟ ಮನೆಯವರು ಕೂಡ ದೀಪಾವಳಿ ಹೊತ್ತಿಗೆ ನೋಡೋಣ ಎನ್ನುತ್ತಾರೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲಿ ಮನೆ ಕಟ್ಟಿಕೊಂಡವರ ಹಣೆಬರಹ ಅದು. ಹೀಗಿರುವಾಗ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರ 46 ವಿದ್ಯಾರ್ಥಿಗಳು ಬಸ್ಸು ಮಾಡಿಕೊಂಡು ಬಂದು ನಮ್ಮ ಅಂಗಳದಲ್ಲಿ ಇಳಿದಾಗ, ಯಾರದೋ ಮನೆಯ ದಿಬ್ಬಣ ದಾರಿ ತಪ್ಪಿದೆ ಎಂದುಕೊಂಡೆ. ಆಷಾಢದಲ್ಲಿ ಎಂಥ ದಿಬ್ಬಣ ಎಂದು ಹೆಂಡತಿ ನೆನಪಿಸಿದಳು. ವಿಚಾರಿಸಿದರೆ, ಅವರು ಕಾಡಿನ ಸೇವೆಗೆ ಬಂದವರಂತೆ.

ಬಸ್ಸಿನ ಮುಂದೆ ಬ್ಯಾನರ್ ಇತ್ತು: ‘ಮಳೆಕಾಡಿನ ಮಡಿಲಲ್ಲಿ ಸಾಹಸ ಮತ್ತು ಸೇವಾ ಶಿಬಿರ’. ಮೂರು ಹಗಲು, ಎರಡು ರಾತ್ರಿ, ತಲೆಗೆ 6,500 ರೂಪಾಯಿ. ಅಪ್ಪನ ಕಾಲದಲ್ಲಿ ಊರ ರಸ್ತೆಗೆ ಶ್ರಮದಾನ ಎಂದರೆ ಬಂದವರಿಗೆ ನಾವೇ ಅವಲಕ್ಕಿ, ಕಾಫಿ ಕೊಟ್ಟು ಕಳುಹಿಸುತ್ತಿದ್ದೆವು. ಸೇವೆ ಮಾಡುವವನೇ ದುಡ್ಡು ಕಟ್ಟುವ ಪದ್ಧತಿಯನ್ನು ದೇವಸ್ಥಾನದ ಸೇವಾ ಕೌಂಟರಿನಲ್ಲಿ ಬಿಟ್ಟರೆ ಬೇರೆಲ್ಲೂ ನಾನು ಕಂಡಿರಲಿಲ್ಲ. ಅಲ್ಲಿ ರಸೀದಿಯ ಜೊತೆಗೆ ಪ್ರಸಾದ ಸಿಗುತ್ತದೆ. ಇಲ್ಲಿ ಅಂಕ. ಇಂಜಿನಿಯರಿಂಗ್ ಓದುವವರು ಪದವಿ ಕೈಗೆ ಬರುವುದರೊಳಗೆ 100 ಚಟುವಟಿಕೆ ಅಂಕಗಳನ್ನು ಗಳಿಸಬೇಕು, ಸಮಾಜಕ್ಕೆ ಏನಾದರೂ ಮಾಡಿದೆವೆಂದು ತೋರಿಸಬೇಕು ಎಂಬ ನಿಯಮವಿದೆ. ಉದ್ದೇಶ ಒಳ್ಳೆಯದೇ. ಆದರೆ ಸಮಾಜಕ್ಕೆ ಏನು ಬೇಕಾಗಿದೆ ಎಂದು ಕೇಳುವ ಕಾಲಂ ಮಾತ್ರ ಆ ಅರ್ಜಿಯಲ್ಲಿ ಇದ್ದಂತಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಹಳೆಯ ಮನೆಯ ಚಾವಡಿ ಮತ್ತು ಮೆತ್ತು ಬಾಡಿಗೆಗೆ ಹೋಗಿದ್ದರಿಂದ ಈ ಸೇವೆಯ ಒಂದು ಪಾಲು ನನ್ನ ಜೇಬಿಗೂ ಬಿದ್ದಿದೆ. ಆದ್ದರಿಂದ ಮುಂದಿನ ಮಾತುಗಳನ್ನು ಉಪ್ಪುಂಡ ಮನೆಗೆ ಎರಡು ಬಗೆಯುವವನ ಮಾತೆಂದು ಬೇಕಾದರೆ ತಿಳಿಯಬಹುದು.

ಚಾರಣವನ್ನು ಬರೀ ಚಾರಣವೆಂದು ಕರೆಯುವ ಕಾಲ ಮುಗಿದ ಹಾಗಿದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳನ್ನು ನಾಡೆಲ್ಲ ನೋಡಿತು. ಆಮೇಲೆ ಆನ್‌ಲೈನ್ ಬುಕಿಂಗ್ ಬಂತು, ಬೆಟ್ಟಕ್ಕೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಬಂತು. ಸೇವೆಗೆ ಅಂಥ ಮಿತಿಯನ್ನು ಯಾರೂ ಹಾಕಿಲ್ಲ.

ಮೊದಲ ದಿನದ ಸೇವೆ ಗಿಡ ನೆಡುವುದು. ಎಲ್ಲಿ? ಮಳೆಕಾಡಿನಲ್ಲಿ! ಸಮುದ್ರಕ್ಕೆ ಕೊಡದಲ್ಲಿ ನೀರು ಹೊತ್ತ ಕಥೆಯನ್ನು ಕೇಳಿ ನಕ್ಕವನು ನಾನು, ಈಗ ಕಣ್ಣಾರೆ ಕಂಡೆ. ಬಸ್ಸಿನ ಹೊಟ್ಟೆಯಿಂದ 200 ಸಸಿಗಳು ಇಳಿದವು, ಒಂದೊಂದೂ ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿ. ಬೆಂಗಳೂರಿನ ನರ್ಸರಿಯಲ್ಲಿ ಅಗ್ಗಕ್ಕೆ ಸಿಕ್ಕ ಗುಲ್‌ಮೊಹರ್ ಅಂತೆ. ಮಡಗಾಸ್ಕರ್ ಮೂಲದ ಆ ಮರ ಬೆಂಗಳೂರಿನ ರಸ್ತೆಬದಿಯಲ್ಲಿ ಚೆನ್ನಾಗಿಯೇ ಹೂ ಬಿಡುತ್ತದೆ, ನನಗೇನೂ ಅದರ ಮೇಲೆ ಹಗೆಯಿಲ್ಲ. ಆದರೆ ಬಲಿಗೆ, ಧೂಪ, ರಾಮಪತ್ರೆ, ಉಪ್ಪಾಗೆ ಮರಗಳು ಹೆಗಲಿಗೆ ಹೆಗಲು ಕೊಟ್ಟು ನಿಂತು, ನಡುಹಗಲಿನಲ್ಲೂ ಸೂರ್ಯನಿಗೆ ಕಿಂಡಿ ಬಿಡದ ಕಾಡಿನಲ್ಲಿ ಅದು ಏನು ಮಾಡೀತು?

ಅದಿರಲಿ. ನೆಡಲು ಜಾಗ ಬೇಕಲ್ಲ? ಮುಂದಾಳು ಸೀಟಿ ಊದಿ, “ಮೊದಲು ಕಳೆ ಕೀಳಿರಿ” ಎಂದ. 46 ಮಂದಿ ಹೊಸ ಕೈಗವಸು ತೊಟ್ಟು ಕಿತ್ತೇ ಕಿತ್ತರು. ನಾನು ಕೊಡೆ ಹಿಡಿದು ಹತ್ತಿರ ಹೋಗಿ ನೋಡಿದರೆ, ಕಿತ್ತು ರಾಶಿ ಹಾಕಿದ್ದು ಧೂಪದ ಸಸಿ, ಬಲಿಗೆಯ ಸಸಿ. ಮಳೆಕಾಡಿನ ಸಸಿಗಳ ತಾಳ್ಮೆ ದೊಡ್ಡದು. ಅಮ್ಮನ ನೆರಳಿನಲ್ಲಿ ಮೊಣಕಾಲೆತ್ತರ ನಿಂತು, ಯಾವುದಾದರೂ ಹಳೆಯ ಮರ ಬಿದ್ದು ಒಂದಿಷ್ಟು ಬೆಳಕು ಇಳಿಯಲಿ ಎಂದು ವರ್ಷಗಟ್ಟಲೆ ಕಾಯುತ್ತವೆ. ಆ ಸರದಿಯ ಸಾಲನ್ನೇ ಕಿತ್ತು ಬಿಸಾಡಿ, ಆ ಜಾಗದಲ್ಲಿ ಗುಲ್‌ಮೊಹರ್ ನೆಟ್ಟು, ಪ್ರತಿ ಗಿಡದ ಪಕ್ಕ ಮಂಡಿಯೂರಿ ಫೋಟೊ ತೆಗೆಸಿಕೊಂಡರು. ಪ್ಲಾಸ್ಟಿಕ್ ಚೀಲಗಳು ಹಳ್ಳದ ಕಡೆ ಹೋದವು. ಚಿಂತೆಯಿಲ್ಲ, ಮೂರನೆಯ ದಿನದ ಸೇವೆ ‘ಹಳ್ಳದ ಪ್ಲಾಸ್ಟಿಕ್ ಆಯುವುದು’ ಎಂದೇ ಇತ್ತು. ಯೋಜನೆ ಎಂದರೆ ಹೀಗಿರಬೇಕು.

ಮಧ್ಯಾಹ್ನದ ಹೊತ್ತಿಗೆ ಉಂಬಳ, ಅಂದರೆ ಕಾಡಿನ ಜಿಗಣೆಗಳು, ಕಾಲಿಗೆ ಹತ್ತಿದವು. ಸುಣ್ಣ, ಉಪ್ಪು, ನಶ್ಯ ಎಂದು ಮನೆಯ ಭಂಡಾರವೆಲ್ಲ ಖಾಲಿಯಾಯಿತು. ಒಬ್ಬ ಹುಡುಗ, “ಅಂಕಲ್, ರಕ್ತ ನಿಲ್ಲುತ್ತಿಲ್ಲ, ಆಂಬುಲೆನ್ಸ್ ಕರೆಸಿ” ಎಂದು ಅಳುಮುಖ ಮಾಡಿದ. ಉಂಬಳ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಸೋರುತ್ತದೆ ಮಗು, ತಾನೇ ನಿಲ್ಲುತ್ತದೆ ಎಂದು ಕಾಫಿ ಕೊಟ್ಟೆ. ಪಾಪ, ಮಕ್ಕಳು ಒಳ್ಳೆಯವರೇ. ತಟ್ಟೆ ತಾವೇ ತೊಳೆದಿಟ್ಟರು, ನನ್ನ ಹೆಂಡತಿಯ ಕಡುಬನ್ನು ಹೊಗಳಿ ಹೊಗಳಿ ತಿಂದರು. ಅವರನ್ನು ಬೈದು ಏನು ಫಲ?

ಎರಡನೆಯ ದಿನ ಬೆಳಿಗ್ಗೆ ‘ಸಾಹಸ ಚಟುವಟಿಕೆ: ಹಳ್ಳ ದಾಟುವುದು’. ನಮ್ಮ ಕಾಲುಸಂಕ ಹಾಗೆ ಹೆಸರು ಬದಲಿಸಿಕೊಂಡಿತ್ತು. ನಾಲ್ಕು ಅಡಿಕೆ ಮರಗಳನ್ನು ಜೋಡಿಸಿ ಕಟ್ಟಿ, ಹಿಡಿಯಲೊಂದು ಬಿದಿರಿನ ಗಳು ಇಟ್ಟ ಸಂಕ. ಪ್ರತಿ ಮಳೆಗಾಲದ ಮುಂಚೆ ಊರವರೇ ಕಟ್ಟುತ್ತೇವೆ, ಪ್ರತಿ ಚುನಾವಣೆಯ ಮುಂಚೆ ಯಾರಾದರೂ ಬಂದು ಸೇತುವೆ ಕಟ್ಟಿಸುತ್ತೇವೆ ಎನ್ನುತ್ತಾರೆ. ಸಂಕದ ಬಾಯಲ್ಲಿ ಶಿಬಿರದವರ ಸಾಲು: ಹೆಲ್ಮೆಟ್, ಸೊಂಟಕ್ಕೆ ಹಗ್ಗ, ಎದೆಗೆ ಕ್ಯಾಮೆರಾ. ಒಬ್ಬೊಬ್ಬರು ದಾಟಿದಾಗಲೂ ಚಪ್ಪಾಳೆ. ಅವರ ಹಿಂದೆ ಇನ್ನೊಂದು ಸಾಲು ಇತ್ತು, ಊರಿನ ಶಾಲೆಗೆ ಹೊರಟ ಏಳು ಮಕ್ಕಳದು. “ಅಕ್ಕಾ, ಶಾಲೆಗೆ ಹೊತ್ತಾಯಿತು, ದಾರಿ ಬಿಡಿ” ಎಂದು ಎರಡು ಸಲ ಕೇಳಿದವು. ಮೂರನೆಯ ಸಲ ಕೇಳಲಿಲ್ಲ. ಮೂರನೆಯ ತರಗತಿಯ ಪುಟ್ಟಿಯೊಬ್ಬಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ತನ್ನ ಪಾಟಿಚೀಲದ ಮೇಲೆ ತಮ್ಮನದನ್ನೂ ಹೊತ್ತು, ಕೊಡೆ ಮಡಚಿ ಕಂಕುಳಿಗಿಟ್ಟು, ಇಬ್ಬರು ಸಾಹಸಿಗಳ ನಡುವಿನ ಸಂದಿನಲ್ಲಿ ಸರಸರನೆ ಆಚೆ ದಡ ಸೇರಿದಳು. “ಹೆಲ್ಮೆಟ್ ಇಲ್ಲದೆ ದಾಟುವಂತಿಲ್ಲ!” ಎಂದು ಮುಂದಾಳು ಹಿಂದಿನಿಂದ ಕೂಗಿದ. ಅವಳು ತಿರುಗಿಯೂ ನೋಡಲಿಲ್ಲ. ಸಂಜೆ ಅದೇ ಸಂಕದ ಮೇಲೆ ವಾಪಸು ಬಂದಳು, ಚಪ್ಪಾಳೆ ಆಗಲೂ ಇರಲಿಲ್ಲ.

ಅದೇ ದಿನ ಮಳೆ ತುಸು ಹೊಳವಾಗಿತ್ತು. ನಮ್ಮ ಕೊನೆಗಾರ ಅಡಿಕೆಗೆ ಎರಡನೆಯ ಸಲ ಬೋರ್ಡೋ ದ್ರಾವಣ ಹೊಡೆಯಲು ಬಂದಿದ್ದ. ಮೈಲುತುತ್ತ, ಸುಣ್ಣ ತಲಾ ಒಂದೊಂದು ಕಿಲೋ, ನೂರು ಲೀಟರ್ ನೀರು. ಈ ಹೊಳವು ತಪ್ಪಿದರೆ ಕೊಳೆರೋಗಕ್ಕೆ ಅರ್ಧ ಫಸಲು ನೆಲ ಕಾಣುತ್ತದೆ. ಕಾಲಿಗೆ ತಳೆ ಹಾಕಿಕೊಂಡು ಜಾರುವ ಮರ ಏರಿ, ತುದಿಯಲ್ಲಿ ಕುಳಿತು, ಕೆಳಗಿಳಿಯುವ ಗೋಜೇ ಬೇಡವೆಂದು ಮರ ಬಾಗಿಸಿ ಪಕ್ಕದ ಮರಕ್ಕೆ ದಾಟಿದ. ಶಿಬಿರದ 46 ಮೊಬೈಲುಗಳೂ ಆಕಾಶಕ್ಕೆ ಎದ್ದವು. ಇಳಿದ ಮೇಲೆ ಒಬ್ಬ ಹುಡುಗಿ ಅವನನ್ನು ವಿನಯದಿಂದ ಕೇಳಿದಳು: “ಅಂಕಲ್, ಈ ಚಟುವಟಿಕೆಗೆ ಎಷ್ಟು ಚಾರ್ಜ್?” ತನ್ನ ದಿನಗೂಲಿ ಕೇಳುತ್ತಿದ್ದಾಳೆಂದು ತಿಳಿದು ಅವನು ಹೇಳಿದ. “ಅಷ್ಟೇನಾ? ನಮ್ಮ ಪ್ಯಾಕೇಜಿಗಿಂತ ಅಗ್ಗ” ಎಂದು ಆಕೆಗೆ ಆಶ್ಚರ್ಯ. ದೋಟಿ ಹಿಡಿಯಲು, ದ್ರಾವಣ ಕಲಕಲು ಆಳು ಸಿಗದೆ ನಾನು ವಾರದಿಂದ ಊರೂರು ಅಲೆದಿದ್ದೆ. ಹತ್ತು ಜನ ಹುಡುಗರನ್ನು ಅರ್ಧ ದಿನ ಕೊಡುತ್ತೀರಾ ಎಂದು ಮುಂದಾಳನ್ನು ಕೇಳಿದೆ. “ಸಾರ್, ತೋಟದ ಕೆಲಸ ಸೇವೆಯ ಪಟ್ಟಿಯಲ್ಲಿ ಬರುವುದಿಲ್ಲ” ಎಂದ.

ಪಟ್ಟಿಯಲ್ಲಿ ಇದ್ದದ್ದು ಶಾಲೆಯ ಮಕ್ಕಳಿಗೆ ಪರಿಸರ ಜಾಗೃತಿ. ಹಾವುಗಳನ್ನು ಕೊಲ್ಲಬಾರದು ಎಂದು ಶಿಬಿರದ ಅಣ್ಣನೊಬ್ಬ ಪಾಠ ಮಾಡುತ್ತಿದ್ದಾಗ ಕಿಟಕಿಯ ಆಚೆ ಏನೋ ಹರಿಯಿತು. ಅಣ್ಣ ಬೆಂಚಿನ ಮೇಲಿದ್ದ. “ಕೇರೆ ಹಾವು, ಇಳಿಯಿರಿ ಸಾರ್” ಎಂದು ಎರಡನೆಯ ತರಗತಿಯವನು ಕೈಹಿಡಿದು ಇಳಿಸಿದ. ಗೋಡೆಗೆ ಬಣ್ಣವನ್ನೂ ಬಳಿದು ಹೋಗಿದ್ದಾರೆ. ಅದು ಸಿಂಗಳೀಕವಂತೆ. ಮಕ್ಕಳು ಸಿಂಹ ಎನ್ನುತ್ತಾರೆ.

ಅವರು ಹೋದ ಒಂದು ವಾರಕ್ಕೆ ನನ್ನ ಮೊಬೈಲಿಗೆ ಒಂದು ಅರ್ಜಿ ಬಂತು. ಸ್ಥಳೀಯರ ದೃಢೀಕರಣ ಇಲ್ಲದೆ ಅಂಕ ಸಿಗುವುದಿಲ್ಲವಂತೆ, ನನ್ನ ಸಹಿ ಬೇಕಂತೆ. ಮಕ್ಕಳ ಭವಿಷ್ಯಕ್ಕೆ ಅಡ್ಡ ಬರಬಾರದೆಂದು ಒಂದೊಂದೇ ತುಂಬುತ್ತ ಹೋದೆ. ನೆಟ್ಟ ಗಿಡಗಳು: 200. ಕಿತ್ತ ಗಿಡಗಳಿಗೆ ಕಾಲಂ ಇರಲಿಲ್ಲ. ‘ಶಿಬಿರದ ಫಲಾನುಭವಿಗಳು’ ಎಂಬಲ್ಲಿ ಬಹಳ ಹೊತ್ತು ಯೋಚಿಸಿ, ಸುಳ್ಳು ಬರೆಯಬಾರದೆಂದು ‘ಉಂಬಳ’ ಎಂದು ಬರೆದು ಕಳುಹಿಸಿದೆ. ಮರುದಿನ ಮುಂದಾಳಿನ ಫೋನು: “ಸಾರ್, ಆ ಜಾಗದಲ್ಲಿ ಅಕ್ಷರ ಬರೆದರೆ ಪೋರ್ಟಲ್ ತೆಗೆದುಕೊಳ್ಳುವುದಿಲ್ಲ, ಅಂಕಿ ಮಾತ್ರ ಹಾಕಿ.”

46 ಜನ, ತಲೆಗೆ ಎರಡು ಕಾಲು. ಕಾಲಿಗೆ ಕಡಿಮೆಯೆಂದರೂ ಐದು ಎಂದು ಹಿಡಿದು 460 ಎಂದು ಬರೆದೆ. ಪೋರ್ಟಲ್ ತೆಗೆದುಕೊಂಡಿತು.