ಆ ಬೀರುವನ್ನು ಕಿಟಕಿಯ ಮುಂದಿನಿಂದ ಸರಿಸಿ

ಇವತ್ತು ಮಧ್ಯಾಹ್ನ ನಮ್ಮ ತಾಲೂಕಿನ ಒಂದು ಶಾಲೆಗೆ ಹೋಗಿದ್ದೆ. ಹೊಸ ಕೊಠಡಿ ಆಗಿದೆ, ಒಂದ್ಸಲ ಬಂದು ನೋಡಿ ಮೇಡಂ ಅಂತ ಹೆಡ್‌ಮಾಸ್ಟರು ಬಹಳ ದಿನದಿಂದ ಕರೆಯುತ್ತಿದ್ದರು. ಕೊಠಡಿ ಚೆನ್ನಾಗಿದೆ. ನೆಲಕ್ಕೆ ಟೈಲ್ಸ್ ಹಾಕಿದ್ದಾರೆ, ಗೋಡೆಗೆ ಬಣ್ಣ ಬಳಿಸಿದ್ದಾರೆ. ಕಿಟಕಿ ನಾಲ್ಕಿವೆ. ಒಂದರ ಮುಂದೆ ಕಬ್ಬಿಣದ ಬೀರು. ಇನ್ನೊಂದಕ್ಕೆ ಮಗ್ಗಿಯ ಫ್ಲೆಕ್ಸ್ ಅಡ್ಡ ಕಟ್ಟಿದ್ದಾರೆ. ಮೂರನೆಯದರ ಚಿಲಕ ತುಕ್ಕು ಹಿಡಿದು ಕೂತಿದೆ. ನಾಲ್ಕನೆಯದಕ್ಕೆ ಕಳ್ಳರ ಭಯದಿಂದ ಮೊಳೆ ಹೊಡೆದಿದ್ದಾರೆ. ಒಳಗೆ ಮೂವತ್ತೆಂಟು ಮಕ್ಕಳು. ಹೊಸ್ತಿಲು ದಾಟಿದ ಕೂಡಲೇ ಬೆವರು, ಸಾಂಬಾರು, ಒದ್ದೆ ಬ್ಯಾಗು ಎಲ್ಲದರ ವಾಸನೆ ಸೇರಿದ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಹಿಂದಿನ ಸಾಲಿನ ಮಕ್ಕಳು ತೂಕಡಿಸುತ್ತಿದ್ದರು. ಮೂವರು ಕೆಮ್ಮುತ್ತಿದ್ದರು.

ಬಾಗಿಲ ಪಕ್ಕದಲ್ಲಿ ಕಾಲಲ್ಲಿ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡ್ ಇನ್ನೂ ನಿಂತಿದೆ, ಬಾಟಲಿ ಇಲ್ಲ. ಅದನ್ನು ನೋಡಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಕೊರೊನಾ ಕಾಲದಲ್ಲಿ ಇಷ್ಟೆಲ್ಲ ಅನುಭವಿಸಿದ ಮೇಲೂ ಒಂದು ಕಿಟಕಿ ತೆಗೆಯುವುದನ್ನು ನಾವು ಕಲಿಯಲಿಲ್ಲ.

ನನ್ನ ಜೊತೆ ಶಾಲೆಯಲ್ಲಿ ಕೆಲಸ ಮಾಡಿದವರಿಗೆ ನೆನಪಿರುತ್ತದೆ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದೆವು. ಮೇ ಹೊತ್ತಿಗೆ ಮುಂಬೈ ಕಡೆಯಿಂದ ಬಂದವರಿಗಾಗಿ ಎಷ್ಟೋ ಶಾಲೆಗಳು ಕ್ವಾರಂಟೈನ್ ಕೇಂದ್ರಗಳಾದವು. ಡಿಸೆಂಬರ್ 22 ಮತ್ತು 27ಕ್ಕೆ ಗ್ರಾಮ ಪಂಚಾಯಿತಿ ಚುನಾವಣೆ, ಮತಗಟ್ಟೆಗಳೂ ಶಾಲೆಗಳಲ್ಲೇ. ಅದಾಗಿ ಐದನೇ ದಿನ, 2021ರ ಜನವರಿ 1ಕ್ಕೆ, ಹತ್ತನೇ ಕ್ಲಾಸಿನ ಮಕ್ಕಳು ವಾಪಸ್ ಬಂದರು. ನಾವು ಹಗಲೂ ರಾತ್ರಿ ಕೆಲಸ ಮಾಡಿದೆವು. ಬೆಂಚು, ಬಾಗಿಲ ಹಿಡಿ, ಡಸ್ಟರ್, ಎಲ್ಲವನ್ನೂ ಒರೆಸಿದೆವು. ಬೆನ್ನಿಗೆ ಕ್ಯಾನ್ ಹಾಕಿಕೊಂಡವರು ಬಂದು ಗೋಡೆಗೆಲ್ಲ ಹೈಪೋಕ್ಲೋರೈಟ್ ಎಂಬ ಕ್ರಿಮಿನಾಶಕ ಹೊಡೆದು ಹೋದರು. ಕೊಠಡಿಯೊಳಗೆ ಹೀಗೆ ಸಿಂಪಡಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿತ್ತು. ಅದು ನಮ್ಮ ಕಿವಿಗೆ ಬೀಳಲಿಲ್ಲ.

ರೋಗ ಗಾಳಿಯಲ್ಲಿ ತೇಲುತ್ತದೆ ಎಂದು 239 ವಿಜ್ಞಾನಿಗಳು 2020ರ ಜುಲೈನಲ್ಲೇ ಬಹಿರಂಗ ಪತ್ರ ಬರೆದಿದ್ದರು. ಗಾಳಿಯಾಡದ, ಜನ ತುಂಬಿದ ಕೋಣೆಯಲ್ಲಿ ಹೊತ್ತು ಕಳೆದರೆ ದೂರ ಕೂತವರಿಗೂ ಹತ್ತಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ವೆಬ್‌ಸೈಟಿನಲ್ಲಿ ಸ್ಪಷ್ಟವಾಗಿ ಬರೆದದ್ದು 2021ರ ಏಪ್ರಿಲ್ ಕೊನೆಗೆ. ಅಷ್ಟರಲ್ಲಿ ನಮ್ಮಲ್ಲಿ ಎರಡನೇ ಅಲೆ ಬಂದೇ ಬಿಟ್ಟಿತ್ತು.

ಇದನ್ನು ನಾನು ಇದುವರೆಗೆ ಬರೆದಿಲ್ಲ. ಆ ಜನವರಿಯಲ್ಲಿ ಒಬ್ಬ ಹುಡುಗಿ, "ಮಿಸ್, ಕಿಟಕಿ ತೆಗೀಲಾ, ಸೆಖೆ ಆಗ್ತಿದೆ" ಎಂದು ಕೇಳಿದ್ದಳು. ರಸ್ತೆಯಲ್ಲಿ ಟ್ರ್ಯಾಕ್ಟರ್ ಓಡಾಡುತ್ತಿತ್ತು, ನನ್ನ ಪಾಠ ಕೇಳಿಸುತ್ತಿರಲಿಲ್ಲ. "ಧೂಳು ಬರುತ್ತೆ, ಸುಮ್ನೆ ಕೂತ್ಕೊ" ಎಂದು ಗದರಿಸಿದೆ. ಮಕ್ಕಳನ್ನು ಬೆಂಚಿಗೆ ಒಬ್ಬರಂತೆ ಕೂರಿಸಿ, ನಾವು ಒಂಬತ್ತು ಜನ ಸ್ಟಾಫ್ ರೂಮಿನ ಒಂದೇ ಮೇಜಿನ ಸುತ್ತ ಮಾಸ್ಕ್ ತೆಗೆದು ಊಟ ಮಾಡುತ್ತಿದ್ದೆವು. ಅಲ್ಲಿನ ಕಿಟಕಿಯಲ್ಲಿ ಕಣಜದ ಗೂಡಿತ್ತು, ಅದಕ್ಕೆ ತೆಗೆಯುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಐವರಿಗೆ ಜ್ವರ ಬಂತು. ನಾಲ್ವರು ವಾಪಸ್ ಬಂದೆವು. ಅಲ್ಲೇ ಹತ್ತಿತು ಎಂದು ಹೇಳಲು ನನ್ನ ಬಳಿ ಸಾಕ್ಷಿ ಇಲ್ಲ. ಆದರೆ ಮುಚ್ಚಿದ ಕಿಟಕಿ ಕಂಡಾಗಲೆಲ್ಲ ನನಗೆ ಆ ಖಾಲಿ ಕುರ್ಚಿ ಕಾಣುತ್ತದೆ.

ಕಿಟಕಿ ತೆಗೆದರೆ ಸೊಳ್ಳೆ, ಕೋತಿ, ಇರಚಲು ಎನ್ನುತ್ತಾರೆ. ನಿಜ, ಎಲ್ಲವೂ ಇವೆ. ಸೊಳ್ಳೆಗೂ ಕೋತಿಗೂ ಜಾಲರಿ ಇದೆ. ಇರಚಲಿಗೆ ಒಂದೂವರೆ ಅಡಿ ಸಜ್ಜಾ ಸಾಕು, ಜಾಸ್ತಿ ಖರ್ಚೇನಿಲ್ಲ. ಟೈಲ್ಸಿಗೆ ದುಡ್ಡು ಸಿಕ್ಕಿತು, ಜಾಲರಿಗೆ ಸಿಗುವುದಿಲ್ಲವೇ? ಕೊರೊನಾ ಹೋಯ್ತಲ್ಲ, ಇನ್ನೇಕೆ ಈ ಮಾತು ಎಂದೂ ಕೇಳುತ್ತಾರೆ. ಕ್ಷಯ ಹೋಗಿದೆಯಾ? ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದವರು, ಅದೂ ಗಾಳಿಯಲ್ಲೇ ಹರಡುವ ರೋಗ. 1908ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ಊರಿನಲ್ಲಿ ಕ್ಷಯದ ಭಯಕ್ಕೆ ದೊಡ್ಡ ದೊಡ್ಡ ಕಿಟಕಿಗಳನ್ನು ತೆರೆದಿಟ್ಟು ತರಗತಿ ನಡೆಸಿದರು. ಅಲ್ಲಿನ ಹಿಮದ ಚಳಿಯಲ್ಲಿ ಮಕ್ಕಳು ಕಂಬಳಿ ಸುತ್ತಿಕೊಂಡು ಪಾಠ ಕೇಳಿದರು. ನಮ್ಮ ಚಳಿ ಅದರ ಮುಂದೆ ಎಷ್ಟರದು ಹೇಳಿ.

ತೂಕಡಿಕೆಯ ವಿಷಯ ಬೇರೆ. ಬಯಲಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ ಸುಮಾರು 420 ಭಾಗ ಇರುತ್ತದೆ. ಮಕ್ಕಳು ತುಂಬಿದ ಮುಚ್ಚಿದ ಕೊಠಡಿಯಲ್ಲಿ ಅದು 2000 ದಾಟಬಹುದು. ಅಂದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂದರ್ಥ. ತಲೆ ಭಾರವಾಗುತ್ತದೆ, ನಿದ್ದೆ ಎಳೆಯುತ್ತದೆ. ಆ ಮಗುವಿಗೆ ನಾವು ಸೋಮಾರಿ ಅಂತ ಹೆಸರಿಡುತ್ತೇವೆ.

ನಾನು ಓದಿದ ಶಾಲೆ ಹಂಚಿನದು. ಎತ್ತರದ ಮಾಡು, ಎದುರುಬದುರು ಕಿಟಕಿ, ಮೇಲೆ ಬೆಳಕಿಂಡಿ. ಬಿಸಿ ಗಾಳಿ ಮೇಲೇರಿ ಹಂಚಿನ ಸಂದಿಯಲ್ಲಿ ಹೋಗುತ್ತಿತ್ತು, ತಣ್ಣನೆಯದು ಕಿಟಕಿಯಿಂದ ಬರುತ್ತಿತ್ತು. ಸೋರುತ್ತದೆ ಎಂದು ಅಂಥವನ್ನು ಕೆಡವಿ ತಾರಸಿ ಹಾಕಿದೆವು. ಸೋರುವುದು ನಿಂತಿತು, ಒಳ್ಳೆಯದೇ. ಬೆಳಕಿಂಡಿ ಇಡುವುದನ್ನು ಯಾಕೆ ಮರೆತೆವು?

ಕೈ ತೊಳೆಯಬೇಡಿ ಎನ್ನುತ್ತಿಲ್ಲ. ಸೋಪು ಇರಲಿ, ಟ್ಯಾಂಕ್ ತೊಳೆಯಿರಿ, ಶೌಚಾಲಯಕ್ಕೆ ನೀರು ಬಿಡಿ. ಅದರ ಜೊತೆಗೆ ಕಿಟಕಿ ತೆಗೆಯಿರಿ. ನಾನು ಕೇಳುತ್ತಿರುವುದು ಅಷ್ಟೇ.

ಹೆಡ್‌ಮಾಸ್ಟರು ಒಳ್ಳೆಯವರು, ಎದುರು ಮಾತಾಡಲಿಲ್ಲ. ಪಿಟಿ ಮೇಷ್ಟ್ರು, ಅಡುಗೆಯಮ್ಮ, ನಾನು ಮೂವರೂ ಸೇರಿ ಬೀರುವನ್ನು ಮೂಲೆಗೆ ತಳ್ಳಿದೆವು. ಹಿಂದೆ ಎರಡು ಬೊಗಸೆ ಧೂಳು, ಒಂದು ಕಳೆದುಹೋದ ಸ್ಲೇಟು. ತುಕ್ಕು ಹಿಡಿದ ಚಿಲಕಕ್ಕೆ ಅಡುಗೆಯಮ್ಮ ಕೊಬ್ಬರಿ ಎಣ್ಣೆ ಹಾಕಿ ಸುತ್ತಿಗೆಯಿಂದ ಎರಡೇಟು ಕೊಟ್ಟರು. ತೆರೆದುಕೊಂಡಿತು. ಫ್ಲೆಕ್ಸನ್ನು ಎದುರು ಗೋಡೆಗೆ ಹಾಕುತ್ತೇವೆ ಎಂದಿದ್ದಾರೆ. ಮೊಳೆ ಹೊಡೆದ ಕಿಟಕಿಗೆ ಸರಳು ಮತ್ತು ಜಾಲರಿ ಕೂರಿಸಲು ಶನಿವಾರ ಆಚಾರ್ರನ್ನು ಕರೆದುಕೊಂಡು ಬರುತ್ತೇನೆ ಅಂತ ಹೇಳಿ ಬಂದಿದ್ದೇನೆ.